ಟ್ರಾಲಿಯ ಜಾಕಿನ ಸೀಲು

ಕಳೆದ ಸುಗ್ಗಿಯಲ್ಲಿ ಒಂದು ಸಂಜೆ ನಾವು ಮುದಗಲ್ಲಿನ ಕೋಟೆಯ ಕಡೆಗೆ ತಿರುಗಾಡಲು ಹೊರಟಿದ್ದೆವು. ದಾರಿಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ತೊಗರಿಯನ್ನು ಸುರಿದ ಟ್ರಾಲಿಯನ್ನು ಎತ್ತಿ ನಿಲ್ಲಿಸಿ, ಅದರಡಿಯಲ್ಲಿ ನುಸುಳಿ, ಜಾಕಿನಿಂದ ಒಸರುತ್ತಿದ್ದ ಎಣ್ಣೆಯನ್ನು ಅರಿವೆಯಿಂದ ಒರೆಸುತ್ತಿದ್ದನು. ಹೊರಗೆ ಬರುವಂತೆ ಕೂಗಿದೆವು. "ಏನೂ ಆಗಂಗಿಲ್ರೀ ಮಾಸ್ತರ್ರೆ, ಜಾಕು ಹಿಡ್ಕೊಂಡೈತ್ರೀ" ಎಂದನು. ಒತ್ತಾಯಿಸಿ ಕರೆದು, ಪಕ್ಕದ ಗೋಡೆಯ ಮೇಲೆ ಟ್ರಾಲಿಯ ಅಂಚಿನ ನೇರಕ್ಕೆ ಇದ್ದಿಲಿನ ಗುರುತು ಹಾಕಿಸಿದೆವು. ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಅಂಚು ಗುರುತಿನಿಂದ ನಾಲ್ಕು ಬೆರಳು ಕೆಳಗಿಳಿದಿತ್ತು. ಶಿಷ್ಯನು ಮಾತಾಡಲಿಲ್ಲ.

ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲೆಡೆಗೂ ಸಮವಾಗಿ ಹರಡುವುದೆಂಬುದು ಪಾಸ್ಕಲನ ನಿಯಮ. ಈ ನಿಯಮದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು ೧೭೯೫ರಲ್ಲಿ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು. ಸಂದಿನಲ್ಲಿ ನೀರು ಸೋರದಂತೆ ಅದಕ್ಕೆ ಚರ್ಮದ ಬಟ್ಟಲನ್ನು ತೊಡಿಸಿದರು. ಒತ್ತಡ ಹೆಚ್ಚಿದಷ್ಟೂ ಅದರ ತುಟಿ ಬಿಗಿಯಾಗಿ ಒತ್ತಿಕೊಳ್ಳುತ್ತಿದ್ದಿತು. ಇಂದಿನ ಸೀಲು ಅದೇ ಚರ್ಮದ ಮೊಮ್ಮಗು. ದ್ರವ್ಯ ಮಾತ್ರ ರಬ್ಬರು. ದೋಣಿಯ ಹಿಂಬದಿಯ ಮೋಟಾರನ್ನು ಎಣ್ಣೆಯಿಂದ ಮೇಲೆತ್ತುವಲ್ಲಿಯೂ ಇಂತಹುದೇ ಸೀಲು ಇರುವುದು.

ಟ್ರಾಲಿಯ ಜಾಕನ್ನು ಎಣ್ಣೆ ಎತ್ತುವುದು. ಭಾರವೇ ಅದನ್ನು ಇಳಿಸುವುದು. ನಡುವೆ ನಿಂತು ತಡೆಯುವುದು ಬಳೆಯಷ್ಟು ಸಣ್ಣ ಸೀಲು. ನಮ್ಮ ಎರೆಹೊಲದ ಧೂಳು ದಂಡಕ್ಕೆ ಅಂಟಿ ಒಳನುಗ್ಗುವುದು, ದಂಡದಲ್ಲಿ ಗೀರು ಬೀಳುವುದು, ಎಣ್ಣೆ ಕೊಳೆಯಾಗುವುದು, ರಬ್ಬರು ಮುಪ್ಪಾಗಿ ಗಟ್ಟಿಯಾಗುವುದು: ಇವೇ ಅದರ ಶತ್ರುಗಳು. ಸಂಸ್ಕೃತದಲ್ಲಿ ಛಿದ್ರವೆಂಬ ಮಾತಿಗೆ ರಂಧ್ರವೆಂದೂ ದೋಷವೆಂದೂ ಎರಡರ್ಥವುಂಟು. ಇಲ್ಲಿ ಎರಡೂ ಒಂದೇ.

ಸೀಲನ್ನು ಬದಲಿಸುವುದು ಬಲ್ಲ ಮೇಸ್ತ್ರಿಯ ಕೆಲಸವಾದರೂ ಗೃಹಸ್ಥನು ಕ್ರಮವನ್ನು ಅರಿತಿರತಕ್ಕುದು. ಬರಿದಾದ ಟ್ರಾಲಿಯನ್ನು ಎತ್ತಿ, ಗಟ್ಟಿಯಾದ ಉಕ್ಕಿನ ಊರುಗಂಬಗಳ ಮೇಲೆ ಕೂರಿಸಬೇಕು. ಬಳಿಕ ಎಂಜಿನನ್ನು ನಿಲ್ಲಿಸಿ, ಹಿಡಿಕೆಯನ್ನು ಇಳಿಸುವ ಕಡೆಗೆ ತಿರುಗಿಸಿ ಒತ್ತಡವನ್ನು ಬಿಡಬೇಕು. ಜಾಕಿನ ಹೊರಮೈ ತೊಳೆದ ಮೇಲೆಯೇ ಬಿಚ್ಚಬೇಕು. ಹಳೆಯ ಸೀಲಿನ ತುಟಿ ಯಾವ ಕಡೆಗಿತ್ತೆಂದು ನೋಡಿಕೊಳ್ಳಬೇಕು; ಹೊಸದರ ತುಟಿ ಎಣ್ಣೆಯ ಒತ್ತಡದ ಕಡೆಗೇ ಇರಬೇಕು. ಹರಿತವಾದ ಆಯುಧವನ್ನು ತಾಗಿಸಬಾರದು. ದಂಡದ ಮೇಲೆ ಉಗುರಿಗೆ ತಡೆಯುವ ಗೀರಿದ್ದರೆ ಅದನ್ನು ಸರಿಪಡಿಸದೆ ಹೊಸ ಸೀಲು ಹಾಕುವುದು ವ್ಯರ್ಥ; ಕೆಲವೇ ದಿನಗಳಲ್ಲಿ ಅದೂ ಹರಿಯುವುದು. ಶುದ್ಧವಾದ ಎಣ್ಣೆ ಸವರಿ ತೊಡಿಸಿ, ಜೋಡಿಸಿ, ಬರಿಯ ಟ್ರಾಲಿಯನ್ನು ನಾಲ್ಕಾರು ಸಲ ಎತ್ತಿ ಇಳಿಸಿದರೆ ಒಳಗಿನ ಗಾಳಿ ಹೊರಟುಹೋಗುವುದು. ಕಡೆಗೆ ಎಣ್ಣೆಯ ಮಟ್ಟವನ್ನು ನೋಡತಕ್ಕುದು.

ಸೋರುವ ಎಡೆಯನ್ನು ಎಂದಿಗೂ ಬೆರಳಿನಿಂದ ತಡವಬಾರದು. ಒತ್ತಡದ ಎಣ್ಣೆಯ ಸೂಕ್ಷ್ಮಧಾರೆ ಚರ್ಮವನ್ನು ಸೂಜಿಯಂತೆ ಚುಚ್ಚಿ ಒಳಹೋಗುವುದು. ಗಾಯವು ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ನೋಡುವುದು ಯುಕ್ತವು.

ವಾಚಕರೇ, ಹೊಸ ಸೀಲು ಹಾಕಿಸಿದ ಮೇಲೂ ಜಾಕನ್ನು ಎತ್ತುವ ಸಾಧನವೆಂದು ನಂಬಿರಿ, ಹೊರುವ ಕಂಬವೆಂದು ನಂಬಬೇಡಿರಿ. ಊರುಗಂಬವಿಲ್ಲದೆ ಟ್ರಾಲಿಯಡಿ ತಲೆಯಿಡುವ ಮಕ್ಕಳನ್ನು ಕಂಡರೆ ಹೊರಗೆ ಎಳೆಯಿರಿ. ನಮ್ಮ ಶಿಷ್ಯನು ಮಾರನೆಯ ದಿನವೇ ಎರಡು ಊರುಗಂಬಗಳನ್ನು ಮಾಡಿಸಿದನು. ಗೋಡೆಯ ಇದ್ದಿಲಿನ ಗುರುತನ್ನು ಮಾತ್ರ ಇನ್ನೂ ಅಳಿಸಿಲ್ಲ.