ಕೂಗು ಮಾತ್ರ ನಮ್ಮದು

ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳೆಯ ಒಮ್ಮೆ ಕೇಳಿದ, “ಮಗಾ, ಈ ಸಲ ನಿಮ್ಮ ಬಿಎಫ್‌ಸಿ ಮ್ಯಾಚ್ ಯಾವಾಗ? ನಾನೂ ಬರ್ತೀನಿ.” ಪ್ರತಿ ವರ್ಷ ಹೀಗೇ ಕೇಳ್ತಾನೆ, ಪ್ರತಿ ವರ್ಷ ಬರಲ್ಲ, ಅದು ಬೇರೆ ಮಾತು. ಆದರೆ ಈ ಸಲ ನನ್ನ ಹತ್ತಿರ ಉತ್ತರವೇ ಇರಲಿಲ್ಲ. 2025ರ ನವೆಂಬರ್ ಬಂದಿತ್ತು. ಮಾಮೂಲಿ ವರ್ಷವಾಗಿದ್ದರೆ ಇಷ್ಟು ಹೊತ್ತಿಗೆ ಐಎಸ್‌ಎಲ್ ಶುರುವಾಗಿ ಎರಡು ತಿಂಗಳಾಗಿರುತ್ತಿತ್ತು. ಕೋವಿಡ್ ಕಾಲದಲ್ಲೂ ಗೋವಾದ ಖಾಲಿ ಸ್ಟೇಡಿಯಂಗಳಲ್ಲಿ ಆಡಿಸಿದ್ದರು. ಈ ಸಲ ರೋಗವಿರಲಿಲ್ಲ, ಯುದ್ಧವಿರಲಿಲ್ಲ. ಲೀಗೂ ಇರಲಿಲ್ಲ.

ಆಗಿದ್ದಿಷ್ಟು. ಭಾರತದ ಫುಟ್ಬಾಲ್ ಫೆಡರೇಶನ್ ಮತ್ತು ಐಎಂಜಿ-ರಿಲಯನ್ಸ್ ನಡುವೆ 2010ರಲ್ಲಿ ಹದಿನೈದು ವರ್ಷದ ಒಪ್ಪಂದವಾಗಿತ್ತು. ಅದರ ಅವಧಿ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಮುಗಿಯೋ ದಿನಾಂಕ ಹದಿನೈದು ವರ್ಷದಿಂದ ಎಲ್ಲರಿಗೂ ಗೊತ್ತಿತ್ತು. ಆದರೂ ಹೊಸ ಒಪ್ಪಂದ ಆಗಲಿಲ್ಲ. ಜುಲೈ 11ರಂದು ರಿಲಯನ್ಸ್ ಗುಂಪಿನ ಎಫ್‌ಎಸ್‌ಡಿಎಲ್ ಈ ಸೀಸನ್ನನ್ನು ತಡೆಹಿಡಿದಿದ್ದೇವೆ ಅಂತ ಪತ್ರ ಬರೆಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಆಮೇಲೆ ಕೋರ್ಟು, ಆಮೇಲೆ ಟೆಂಡರು. ನವೆಂಬರ್ 7ಕ್ಕೆ ಟೆಂಡರ್ ಗಡುವು ಮುಗಿದಾಗ ಒಂದೇ ಒಂದು ಬಿಡ್ ಬಂದಿರಲಿಲ್ಲ.

ಈ ಐದು ತಿಂಗಳಲ್ಲಿ ಫೆಡರೇಶನ್ ಮಾತಾಡಿತು, ಕಂಪನಿ ಮಾತಾಡಿತು, ಕ್ಲಬ್ಬುಗಳು ಪತ್ರ ಬರೆದವು, ವಕೀಲರು ವಾದಿಸಿದರು. ಆಟಗಾರರೂ ಬೇಸತ್ತು ಬಾಯಿಬಿಟ್ಟರು. ಅಭಿಮಾನಿಗಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಮರೆತರು ಅಂತಲ್ಲ. ಕೇಳಲೇಬೇಕು ಅನ್ನೋ ನಿಯಮ ಎಲ್ಲೂ ಇಲ್ಲ. ನನ್ನ ಸಿಟ್ಟೆಲ್ಲ ಇರೋದು ಇಲ್ಲೇ.

ಲೆಕ್ಕ ಹಾಕಿ ನೋಡಿ. ಲೀಗ್ ಒಂದು ಕಂಪನಿಯದಾಗಿತ್ತು. ತಂಡ ಇನ್ನೊಂದು ಕಂಪನಿಯದು. ಕಂಠೀರವ ಸ್ಟೇಡಿಯಂ ಸರ್ಕಾರದ್ದು. ಟಿವಿ ಹಕ್ಕು ಮತ್ಯಾರದೋ. ಹಾಗಾದರೆ ನಮ್ಮದು ಅನ್ನೋಕೆ ಏನುಳೀತು? ಕೂಗು. ತಮಟೆ, ಬಾವುಟ, ಗಂಟಲು. ತಮಾಷೆ ಏನಂದ್ರೆ, ಲೀಗಿನ ಯಾವ ಪ್ರೊಮೋ ತೆಗೆದು ನೋಡಿ, ಮೊದಲು ಕಾಣೋದು ಆ ಕೂಗುವ ಜನ. ಪ್ರಾಯೋಜಕರಿಗೆ ಮಾರೋದು ಅದನ್ನೇ. ನಾವು ದುಡ್ಡು ಕೊಟ್ಟು ಟಿಕೆಟ್ ತಗೊಂಡು ಹೋಗಿ, ಅವರು ಮಾರುವ ಸರಕನ್ನು ನಾವೇ ತಯಾರಿಸಿ ಕೊಟ್ಟು ಬರ್ತೀವಿ.

ಇಷ್ಟು ಗೊತ್ತಿದ್ದೂ ಯಾಕೆ ಹೋಗ್ತೀಯ ಅಂದರೆ, 2016ರ ಅಕ್ಟೋಬರ್ 19ರ ರಾತ್ರಿಯ ಬಗ್ಗೆ ಹೇಳಬೇಕು. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೊರ್. ಮೊದಲ ಗೋಲು ಅವರದು. ಆಮೇಲೆ ಸುನಿಲ್ ಛೆಟ್ರಿ ಎರಡು ಹೊಡೆದರು, ಹುವಾನನ್ ಒಂದು. 3–1. ಭಾರತದ ಕ್ಲಬ್ಬೊಂದು ಮೊದಲ ಸಲ ಆ ಟೂರ್ನಿಯ ಫೈನಲ್ ಮುಟ್ಟಿತ್ತು. ನಾನಾಗ ಕೆಲಸಕ್ಕೆ ಅಂತ ಈ ಊರಿಗೆ ಬಂದು ಒಂದೂವರೆ ವರ್ಷ ಆಗಿತ್ತು. ಪಿಜಿ, ಕ್ಯಾಬು, ಆಫೀಸು ಬಿಟ್ಟರೆ ಬೆಂಗಳೂರು ಅಂದರೆ ಏನು ಅಂತ ಗೊತ್ತಿರಲಿಲ್ಲ. ಎರಡನೇ ಗೋಲಿಗೆ ಪಕ್ಕದಲ್ಲಿದ್ದ ಅಪರಿಚಿತ, ನಮ್ಮಪ್ಪನ ವಯಸ್ಸಿನವರು, ನನ್ನನ್ನು ತಬ್ಬಿಕೊಂಡು ಎತ್ತಿಯೇ ಬಿಟ್ಟರು. ಅವರ ಹೆಸರು ನನಗಿವತ್ತಿಗೂ ಗೊತ್ತಿಲ್ಲ. ಇದು ನನ್ನೂರು ಅಂತ ಅನ್ನಿಸಿದ್ದು ಅವತ್ತೇ. ಬೇರೆ ಬೇರೆ ಭಾಷೆಯವರು, ಬೇರೆ ಬೇರೆ ಏರಿಯಾದವರು ಒಂದೇ ಹೆಸರನ್ನು ಕೂಗ್ತಾ ನಿಂತಿದ್ವಿ, ಆ ಹೆಸರು ಬೆಂಗಳೂರು.

ಮಾಲೀಕರು ಖಳನಾಯಕರು ಅಂತ ನಾನು ಹೇಳ್ತಿಲ್ಲ. ಜೆಎಸ್‌ಡಬ್ಲ್ಯು 2013ರಲ್ಲಿ ಈ ಕ್ಲಬ್ ಕಟ್ಟಿತು. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದರು. 2016ರಲ್ಲಿ ಇನ್ನೊಮ್ಮೆ ಗೆದ್ದರು, 2019ರಲ್ಲಿ ಐಎಸ್‌ಎಲ್, 2022ರಲ್ಲಿ ಡ್ಯುರಾಂಡ್ ಕಪ್. ಯುವ ತಂಡಗಳನ್ನು, ಅಕಾಡೆಮಿಯನ್ನು ನಡೆಸ್ತಿದ್ದಾರೆ. ಈ ಆಟದಲ್ಲಿ ಲಾಭವಿಲ್ಲ ಅಂತ ಗೊತ್ತಿದ್ದೂ ದುಡ್ಡು ಹಾಕಿದ್ದಾರೆ. ಇದನ್ನೆಲ್ಲ ಒಪ್ಪಿಕೊಂಡೇ ಕೇಳ್ತೀನಿ: ನಾಳೆ ಅವರಿಗೂ ಸಾಕು ಅನ್ನಿಸಿದರೆ? ಒಬ್ಬ ಮಾಲೀಕನ ಒಳ್ಳೇತನದ ಮೇಲೆ ಒಂದು ಊರಿನ ಕ್ಲಬ್ ಎಷ್ಟು ದಿನ ನಿಂತಿರಬೇಕು?

ಉತ್ಪ್ರೇಕ್ಷೆ ಅನ್ನಿಸಿದರೆ ನೆರೆಹೊರೆಯ ಕಥೆ ಕೇಳಿ. 2019ರಲ್ಲಿ ಡೆಲ್ಲಿ ಡೈನಮೋಸ್ ರಾತ್ರೋರಾತ್ರಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಎಫ್‌ಸಿ ಪುಣೆ ಸಿಟಿ ಬಾಗಿಲು ಹಾಕಿತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಆ ಹೈದರಾಬಾದ್ 2022ರಲ್ಲಿ ಐಎಸ್‌ಎಲ್ ಚಾಂಪಿಯನ್. ಮೂರೇ ವರ್ಷ, 2025ರ ಅಕ್ಟೋಬರ್‌ನಲ್ಲಿ ಆ ಕ್ಲಬ್ಬನ್ನೂ ದಿಲ್ಲಿಗೆ ಸಾಗಿಸಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಅಂತ ಹೆಸರಿಟ್ಟರು. ಪುಣೆಯವರ ಜಾಗ ಹೈದರಾಬಾದಿಗೆ, ಹೈದರಾಬಾದಿನವರದು ದಿಲ್ಲಿಗೆ. ಬಾಡಿಗೆ ಮನೆ ಖಾಲಿ ಮಾಡೋಕೂ ನಮ್ಮಲ್ಲಿ ಎರಡು ತಿಂಗಳ ನೋಟಿಸ್ ಕೇಳ್ತಾರೆ. ಹೈದರಾಬಾದಿನ ಹುಡುಗ ಕಪ್ ಗೆದ್ದ ರಾತ್ರಿ ತಗೊಂಡ ಹಳದಿ ಜರ್ಸಿ ಇಟ್ಕೊಂಡು ಈಗ ಏನು ಮಾಡಬೇಕು?

ಇನ್ನು ಸ್ಟೇಡಿಯಂ ವಿಷಯ. ಸಂಪಂಗಿ ಕೆರೆಯ ಜಾಗದಲ್ಲಿರುವ ಕಂಠೀರವ ಅಥ್ಲೆಟಿಕ್ಸ್ ಸ್ಟೇಡಿಯಂ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದದ್ದು. ನಮಗೂ ಆಟಕ್ಕೂ ನಡುವೆ ಎಂಟು ಲೇನಿನ ಟ್ರ್ಯಾಕ್ ಮಲಗಿದೆ. ಆ ಕಡೆಯ ಗೋಲ್‌ಪೋಸ್ಟಿನಲ್ಲಿ ಗೋಲಾದರೆ, ಆಯಿತೋ ಇಲ್ಲವೋ ಅಂತ ಆಟಗಾರರ ಓಟ ನೋಡಿಯೇ ತಿಳ್ಕೋಬೇಕು. ಅಶೋಕನಗರದ ಹಳೇ ಫುಟ್ಬಾಲ್ ಸ್ಟೇಡಿಯಂನಲ್ಲಿ ಮೊದಲ ಸೀಸನ್ ನೋಡಿದವರನ್ನು ಕೇಳಿ. ಚಿಕ್ಕ ಜಾಗ, ಆದರೆ ಆಟಗಾರನ ಬೈಗುಳವೂ ಕಿವಿಗೆ ಬೀಳ್ತಿತ್ತು ಅಂತಾರೆ. ಕೂಗು ನೇರ ಹೋಗಿ ಎದುರಾಳಿಯ ಬೆನ್ನಿಗೆ ತಾಗಬೇಕು. ಕಂಠೀರವದಲ್ಲಿ ಅದು ಟ್ರ್ಯಾಕ್ ದಾಟೋದ್ರಲ್ಲೇ ಅರ್ಧ ಸುಸ್ತಾಗುತ್ತೆ.

ಹಾಗಂತ ಟ್ರ್ಯಾಕ್ ಕಿತ್ತುಹಾಕಿ ಅನ್ನೋಕೆ ನನಗೆ ಬಾಯಿ ಬರಲ್ಲ. ಬೆಳಿಗ್ಗೆ ಐದೂವರೆಗೆ ಬಂದು ಓಡುವ ಮಕ್ಕಳ ಪಾಲಿಗೆ ನಗರದ ನಡುವೆ ಇರುವ ಟ್ರ್ಯಾಕ್ ಅದು. ಫುಟ್ಬಾಲಿನಿಂದ ಅಭ್ಯಾಸಕ್ಕೆ ತೊಂದರೆಯಾಗ್ತಿದೆ ಅಂತ ಅಥ್ಲೆಟಿಕ್ಸ್ ಕೋಚ್‌ಗಳು ಹೈಕೋರ್ಟಿಗೂ ಹೋಗಿದ್ದರು. ಅವರದೂ ನ್ಯಾಯವೇ. ಒಂದು ಕೋಟಿ ದಾಟಿದ ಜನಸಂಖ್ಯೆಯ ಊರಿನಲ್ಲಿ ಒಂದೇ ಮೈದಾನ ತೋರಿಸಿ, ಓಟದವರನ್ನೂ ಫುಟ್ಬಾಲಿನವರನ್ನೂ ಕಚ್ಚಾಡಲು ಬಿಟ್ಟದ್ದು ಸರ್ಕಾರದ ತಪ್ಪು. ಫ್ಲೈಓವರ್, ಸುರಂಗ ರಸ್ತೆ ಅಂತ ಯೋಜನೆ ಹಾಕುವವರಿಗೆ ಇಪ್ಪತ್ತು ಸಾವಿರ ಜನ ಕೂರುವ ಒಂದು ಫುಟ್ಬಾಲ್ ಮೈದಾನ ಯಾಕೆ ಹೊಳೆಯಲಿಲ್ಲ? ಕ್ಲಬ್ಬಿಗಾದರೂ ಹನ್ನೆರಡು ವರ್ಷದಲ್ಲಿ ಸ್ವಂತ ಮನೆ ಬೇಕು ಅಂತ ಯಾಕೆ ಜೋರಾಗಿ ಕೇಳೋಕಾಗಲಿಲ್ಲ?

ನಮ್ಮ ವ್ಯವಸ್ಥೆಗೆ ಅಭಿಮಾನಿ ಅಂದರೆ ಎರಡೇ ಅರ್ಥ. ಒಂದೋ ಗಿರಾಕಿ, ಇಲ್ಲವೇ ಗುಂಪು. ಗಿರಾಕಿಯ ಹತ್ತಿರ ದುಡ್ಡು ತಗೋಬೇಕು, ಗುಂಪನ್ನು ಲಾಠಿ ಹಿಡಿದು ತಳ್ಳಬೇಕು. ಹೀಗೆ ನೋಡಿದರೆ ಏನಾಗುತ್ತೆ ಅಂತ ಈ ಊರು 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಮುಂದೆ ನೋಡಿದೆ. ಹನ್ನೊಂದು ಜನ ಸತ್ತರು, ತಮ್ಮ ತಂಡ ಗೆದ್ದ ಖುಷಿಗೆ ಬಂದವರು. ಅದು ಕ್ರಿಕೆಟ್, ಇದು ಫುಟ್ಬಾಲ್ ಅಂತ ನಾನು ಬೇರೆ ಮಾಡಲಾರೆ. ಗೇಟಿನ ಹೊರಗೆ ನಿಲ್ಲೋರು ಎರಡೂ ಕಡೆ ನಾವೇ.

ಬೇರೆ ಕಡೆ ಹೇಗಿದೆ? ಜರ್ಮನಿಯಲ್ಲಿ 50+1 ನಿಯಮವಿದೆ. ಒಂದೆರಡು ಕ್ಲಬ್ ಬಿಟ್ಟರೆ ಉಳಿದೆಡೆ ಮತದ ಬಹುಪಾಲು ಸದಸ್ಯರ ಕೈಲೇ ಇರಬೇಕು, ಹೂಡಿಕೆದಾರ ಎಷ್ಟೇ ದುಡ್ಡು ಸುರಿದರೂ. ಅಲ್ಲಿನ ಲೀಗ್ ಹೊರಗಿನ ಹೂಡಿಕೆ ತರಲು ಹೊರಟಾಗ, ಅಭಿಮಾನಿಗಳು ವಾರಗಟ್ಟಲೆ ಮೈದಾನಕ್ಕೆ ಟೆನ್ನಿಸ್ ಚೆಂಡು ಎಸೆದು ಆಟ ನಿಲ್ಲಿಸಿದರು. 2024ರ ಫೆಬ್ರವರಿಯಲ್ಲಿ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು. ಇಂಗ್ಲೆಂಡಿನಲ್ಲಿ ದುಡ್ಡೇ ದೊಡ್ಡಪ್ಪ. ಅಲ್ಲೂ 2021ರ ಸೂಪರ್ ಲೀಗ್ ಗಲಾಟೆಯ ನಂತರ ಸರ್ಕಾರಕ್ಕೆ ಬುದ್ಧಿ ಬಂತು. 2025ರ ಜುಲೈನಲ್ಲಿ ಫುಟ್ಬಾಲ್ ಆಡಳಿತ ಕಾಯ್ದೆ ಜಾರಿಗೆ ಬಂದು, ಸ್ವತಂತ್ರ ನಿಯಂತ್ರಕ ಹುಟ್ಟಿಕೊಂಡಿದೆ. ಮೈದಾನ ಮಾರೋಕೆ ಅದರ ಒಪ್ಪಿಗೆ ಬೇಕು, ಲಾಂಛನ ಬದಲಿಸೋಕೆ ಅಭಿಮಾನಿಗಳ ಬೆಂಬಲ ಬೇಕು. ಅದೇ ಜುಲೈನಲ್ಲಿ ನಮಗೆ ಸಿಕ್ಕಿದ್ದು ಲೀಗ್ ನಿಂತಿದೆ ಅನ್ನುವ ಒಂದು ಪತ್ರ.

“ಕೋಟಿಗಟ್ಟಲೆ ಹಾಕೋರು ಅವರು, ನೀನು ಕೆಲವು ನೂರು ರೂಪಾಯಿ ಟಿಕೆಟ್ ತಗೊಂಡು ಪಾಲು ಕೇಳ್ತೀಯಾ?” ಅಂತ ಸ್ನೇಹಿತರು ಕಾಲೆಳೀತಾರೆ. ಪಾಲು ಕೇಳ್ತಿಲ್ಲ ಸ್ವಾಮಿ, ಮಾತು ಕೇಳ್ತಿದೀನಿ. ದುಡ್ಡು ಹಾಕಿದವರು ನಷ್ಟವಾದರೆ ಹೊರಟು ಹೋಗಬಹುದು, ಅವರಿಗೆ ಉಕ್ಕಿದೆ, ಸಿಮೆಂಟಿದೆ. ನನಗೆ ಇನ್ನೊಂದು ಬೆಂಗಳೂರು ಇಲ್ಲ. ಬಿಟ್ಟುಹೋಗಲು ಆಗದವನಿಗೆ ಒಂದು ಮಾತಿರಬೇಕು ಅನ್ನೋದು ಅಷ್ಟೊಂದು ದುಬಾರಿ ಬೇಡಿಕೆಯೇ?

ಈಗ ನಮ್ಮ ಕಡೆಯ ತಪ್ಪು. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಛೆಟ್ರಿಯ ಫ್ರೀಕಿಕ್ ಗೋಲಿಗೆ ಸಿಟ್ಟಾಗಿ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೋಯಿತಲ್ಲ, ಎಲ್ಲರಿಗೂ ನೆನಪಿದೆ, ಮೀಮ್‌ಗಳು ಇನ್ನೂ ಓಡ್ತಿವೆ. ಮರುದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ನಂತರ. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಮೈಸೂರು. ನನ್ನ ವಾಟ್ಸಾಪ್ ಗುಂಪುಗಳಲ್ಲಿ ಆ ದಿನವಿಡೀ ಬ್ಲಾಸ್ಟರ್ಸ್ ಜಗಳವೇ. ನಾನೂ ಸ್ಕೋರ್ ನೋಡಿದ್ದು ರಾತ್ರಿ ಮಲಗುವಾಗ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ನಮ್ಮ ಫುಟ್ಬಾಲು 2013ಕ್ಕೆ ಹುಟ್ಟಿದ್ದಲ್ಲ, ಹಾಗೆ ಅಂದುಕೊಂಡದ್ದು ನಾವು. ಮಧ್ಯರಾತ್ರಿ ಪಬ್ಬಿನಲ್ಲಿ ಆರ್ಸೆನಲ್ ಜರ್ಸಿ ಹಾಕಿಕೊಂಡು “ನಾವು ಗೆದ್ವಿ” ಅನ್ನೋರು, ಮೆಟ್ರೊದಲ್ಲಿ ಅರ್ಧ ಗಂಟೆಯ ಕಂಠೀರವಕ್ಕೆ “ಟ್ರಾಫಿಕ್ ಮಗಾ” ಅಂತೀವಿ. ಖಾಲಿ ಸೀಟಿನ ಮಾತಿಗೆ ಯಾವ ಮಾಲೀಕನೂ ಹೆದರಲ್ಲ.

ನಾನು ಕೇಳೋದು ಮೂರೇ. ಹೊಸ ಲೀಗ್ ಒಪ್ಪಂದ ಯಾರ ಜೊತೆಗಾದರೂ ಆಗಲಿ, ಅಭಿಮಾನಿಗಳ ಒಪ್ಪಿಗೆಯಿಲ್ಲದೆ ಕ್ಲಬ್ಬಿನ ಊರು, ಹೆಸರು, ಬಣ್ಣ ಬದಲಿಸುವಂತಿಲ್ಲ ಅಂತ ಅದರಲ್ಲಿ ಬರೆದಿರಲಿ. ಪ್ರತಿ ಕ್ಲಬ್ಬಿನ ಆಡಳಿತ ಮಂಡಳಿಯಲ್ಲಿ ಅಭಿಮಾನಿಗಳೇ ಆರಿಸಿದ ಒಬ್ಬರಿಗೆ ಕುರ್ಚಿ ಇರಲಿ. ಅವರಿಗೆ ಮತ ಬೇಡ, ಕಾಗದಪತ್ರ ನೋಡುವ, ಪ್ರಶ್ನೆ ಕೇಳುವ ಹಕ್ಕು ಸಾಕು. ಮೂರನೆಯದು ರಾಜ್ಯ ಸರ್ಕಾರಕ್ಕೆ: ಟ್ರ್ಯಾಕ್ ಓಟದ ಮಕ್ಕಳಿಗೇ ಇರಲಿ, ನಮಗೊಂದು ಫುಟ್ಬಾಲ್ ಮೈದಾನ ಕೊಡಿ. ಅಶೋಕನಗರದ್ದನ್ನೇ ದೊಡ್ಡದು ಮಾಡಿದರೂ ಆದೀತು.

ಗೆಳೆಯನಿಗೆ ಕೊನೆಗೆ ಹೇಳಿದೆ, “ಡೇಟ್ ಗೊತ್ತಿಲ್ಲ, ಗೊತ್ತಾದ ದಿನ ನಿನ್ನ ಟಿಕೆಟನ್ನೂ ನಾನೇ ತಗೋತೀನಿ.” ಲೀಗ್ ಯಾವಾಗ ಶುರುವಾದರೂ ನಾನು ಹೋಗೇ ಹೋಗ್ತೀನಿ. ಅದು ಅವರಿಗೂ ಗೊತ್ತು. ಅದಕ್ಕೇ ಯಾರೂ ನನ್ನನ್ನು ಕೇಳ್ತಿಲ್ಲ. ಆದರೆ ಈ ಸಲ ಬಾವುಟದ ಜೊತೆ ಈ ಮೂರು ಸಾಲನ್ನೂ ಬಟ್ಟೆಯ ಮೇಲೆ ಬರೆದು ತಗೊಂಡು ಹೋಗೋಣ. ಪ್ರೊಮೋಗೆ ಕ್ಯಾಮೆರಾ ನಮ್ಮ ಕಡೆ ತಿರುಗುತ್ತಲ್ಲ, ಆಗ ಅದೂ ಕಾಣಲಿ.