ಉಪ್ಪು ಹೋಗುವುದೆಲ್ಲಿಗೆ?

ನಮ್ಮ ಕಾಲೇಜಿನಲ್ಲಿ ಓದುತ್ತಿರುವವರಲ್ಲಿ ಒಕ್ಕಲುತನದ ಮನೆಗಳಿಂದ ಬಂದವರು ಬಹಳ ಮಂದಿ. ಆದುದರಿಂದ ಇತಿಹಾಸ, ಸಾಹಿತ್ಯಗಳನ್ನು ಓದುವವನಿಗೆ ಮಣ್ಣಿನ ಗೊಡವೆ ಏಕೆಂದು ಯಾರೂ ಕೇಳಲಾರರೆಂದು ನಂಬಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿದಾಗ ರಾಯಚೂರು, ಕೊಪ್ಪಳ ಸೀಮೆಯ ಎರೆಭೂಮಿಗೆ ಯೋಜಕರು ಬಯಸಿದ್ದು ಹತ್ತಿ, ಜೋಳಗಳಂತಹ ಕಡಿಮೆ ನೀರಿನ ಬೆಳೆಗಳನ್ನು. ಬಂದದ್ದು ಮಾತ್ರ ಭತ್ತ. ಗದ್ದೆಯಲ್ಲಿ ನಿಂತ ನೀರು ಇಂಗಿ ಅಂತರ್ಜಲ ಮೇಲೇರಿತು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಮಣ್ಣು ಆ ನೀರನ್ನು ಹೀರಿತು. ಬಿಸಿಲು ನೀರನ್ನು ಒಯ್ದು ಉಪ್ಪನ್ನು ಉಳಿಸಿತು. ಹೀಗೆ ಸವಳಾದ ತಗ್ಗಿನ ಹೊಲಗಳಲ್ಲಿ ನಮ್ಮದೂ ಒಂದು. ಬೇಸಿಗೆಯಲ್ಲಿ ಅದು ಸುಣ್ಣ ಚೆಲ್ಲಿದಂತೆ ಕಾಣುತ್ತದೆ.

ಇಂತಹ ಭೂಮಿಗೆ ಹನಿ ನೀರಾವರಿ ಹಾಕಿ ಹತ್ತಿ ಬೆಳೆಯಿರಿ, ಎಲ್ಲವೂ ಸರಿಹೋಗುತ್ತದೆ ಎಂಬ ಉಪದೇಶವನ್ನು ಈಗ ಕೇಳುತ್ತೇವೆ. ಇದರಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಭತ್ತಕ್ಕಿಂತ ಹತ್ತಿಯು ಉಪ್ಪನ್ನು ಎಷ್ಟೋ ಹೆಚ್ಚು ತಾಳಿಕೊಳ್ಳುತ್ತದೆ; ಮೊಳಕೆಯ ದಿನಗಳಲ್ಲಿ ಮಾತ್ರ ಅದೂ ಸುಕುಮಾರಿಯೇ. ಹನಿಹನಿಯಾಗಿ ಬಿದ್ದ ನೀರು ಬೇರಿನ ಸುತ್ತ ಒಂದು ತೇವದ ಉಂಡೆಯನ್ನು ಕಟ್ಟಿ, ಉಪ್ಪನ್ನು ಅದರ ಅಂಚಿಗೆ ತಳ್ಳುತ್ತದೆ. ಉಪ್ಪಿನ ನಡುವೆಯೇ ಗಿಡಕ್ಕೊಂದು ಸಿಹಿಮಣ್ಣಿನ ಮನೆಯಾಗುತ್ತದೆ.

ಆದರೆ ಅಂಚಿಗೆ ಹೋದ ಉಪ್ಪು ಊರು ಬಿಟ್ಟು ಹೋಯಿತೆ? ಇಲ್ಲ. ಒಂದು ತುಂತುರು ಮಳೆ ಬಿದ್ದರೆ ಸಾಕು, ಅದು ಮರಳಿ ಬೇರಿಗೇ ಇಳಿಯುತ್ತದೆ. ಆದುದರಿಂದಲೇ ಬಲ್ಲವರು ಸಣ್ಣ ಮಳೆಯಲ್ಲಿಯೂ ಹನಿಯನ್ನು ನಿಲ್ಲಿಸುವುದಿಲ್ಲ. (ನೋಡಿದವರು ನಗಬಹುದು, ನಗಲಿ.) ಇನ್ನೊಂದು ಲೆಕ್ಕವುಂಟು. ಲೀಟರಿಗೆ ಅರ್ಧ ಗ್ರಾಂ ಉಪ್ಪಿರುವ ನೀರು ನಾಲಗೆಗೆ ಸಿಹಿಯೇ. ಅಂತಹ 20 ಲಕ್ಷ ಲೀಟರನ್ನು ಒಂದು ಎಕರೆಗೆ ಹನಿಸಿದರೆ ನಾವೇ 10 ಕ್ವಿಂಟಲ್ ಉಪ್ಪನ್ನು ಹೊಲಕ್ಕೆ ಹೊತ್ತು ಹಾಕಿದಂತಾಯಿತು! ಚೀನಾದ ಶಿಂಜಿಯಾಂಗ್ ಪ್ರಾಂತ ಒಣನಾಡು. ಅಲ್ಲಿ 1990ರ ದಶಕದಿಂದ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಹನಿಕೊಳವೆ ಹಾಸಿ ಅಪಾರ ಹತ್ತಿ ಬೆಳೆದಿದ್ದಾರೆ. ಅಲ್ಲಿಯೂ ಬೆಳೆಯಿಲ್ಲದ ಕಾಲದಲ್ಲಿ ಹೊಲಕ್ಕೆ ನೀರು ಕಟ್ಟಿ ಉಪ್ಪನ್ನು ತೊಳೆಯುವುದು ತಪ್ಪಿಲ್ಲ.

ತೊಳೆದ ನೀರು ಹೊರಹೋಗಲು ಬಸಿಗಾಲುವೆ ಬೇಕು. ನನ್ನ ತಕರಾರು ಇರುವುದು ಇಲ್ಲಿಯೇ. ಹನಿಕೊಳವೆಯನ್ನು ಒಬ್ಬ ರೈತ ಸಹಾಯಧನ ಪಡೆದು ತನ್ನ ಹೊಲದ ಮಟ್ಟಿಗೆ ಹಾಕಿಸಿಕೊಳ್ಳಬಹುದು. ಬಸಿಗಾಲುವೆ ಹಾಗಲ್ಲ, ಅದು ನೆರೆಯವನ ಹೊಲವನ್ನು ದಾಟಿ ಹಳ್ಳವನ್ನು ಸೇರಬೇಕು. ಆದುದರಿಂದ ಸವಳು ಭೂಮಿಯಲ್ಲಿ ಸಹಾಯಧನವನ್ನು ಒಂಟಿ ರೈತನಿಗಲ್ಲದೆ ಒಂದು ತಗ್ಗಿನ ರೈತರೆಲ್ಲರಿಗೂ ಕೂಡಿಸಿ, ಮೊದಲು ಬಸಿಗಾಲುವೆಗೆ, ಆಮೇಲೆ ಕೊಳವೆಗೆ ಕೊಡುವುದೇ ಯುಕ್ತವೆಂದು ನನ್ನ ಅಭಿಪ್ರಾಯ. ಕಾಲುವೆಯ ನೀರು ಸರದಿಯಲ್ಲಿ ಬರುವುದರಿಂದ ಹನಿಗೆ ಒಂದು ಹೊಂಡವೂ ಬೇಕು. ಅದನ್ನೂ ಅವರೆಲ್ಲ ಕೂಡಿಯೇ ತೋಡಬಹುದು.

ನಮ್ಮ ಹೊಲದಿಂದ ಹಳ್ಳಕ್ಕೆ ನಡುವೆ ನಾಲ್ವರ ಹೊಲಗಳಿವೆ. ಅವರಲ್ಲಿ ಇಬ್ಬರು ಒಪ್ಪಿದ್ದಾರೆ.