ಎರಡನೆಯ ಅಪ್ಪಣೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ತಾಯಂದಿರು ಕೂಸಿಗೆ ಚುಚ್ಚುಮದ್ದು ಹಾಕಿಸಿ ಬಂದ ರಾತ್ರಿ ಕೇಳುವ ಪ್ರಶ್ನೆಯೊಂದುಂಟು: “ಚೆನ್ನಾಗಿದ್ದ ಮಗುವಿಗೆ ಜ್ವರ ತಂದುಕೊಂಡಂತಾಯಿತಲ್ಲ, ಮುಂದಿನ ಸಲವೂ ಹೋಗಬೇಕೆ?” ಹೋಗಲೇಬೇಕು. ಕಾರಣವನ್ನು ವಾಚಕರು ತುಸು ತಾಳ್ಮೆಯಿಂದ ಕೇಳಬೇಕು.

ರಕ್ತದ ಬಿಳಿಯ ಕಣಗಳಲ್ಲಿ ‘ಟಿ ಕಣ’ಗಳೆಂಬ ವರ್ಗವೊಂದಿದೆ. ಕಾವಲು ಕಣವು ರೋಗಾಣುವಿನ ತುಣುಕನ್ನು ತನ್ನ ಮೈಮೇಲೆ ಎತ್ತಿ ತೋರಿಸಿದಾಗ, ಅದರ ಗುರುತು ಬಲ್ಲ ಟಿ ಕಣವು ಅದನ್ನು ಹಿಡಿಯುವುದು. ಆದರೆ ಅಷ್ಟಕ್ಕೇ ಅದು ಕೆರಳತಕ್ಕದ್ದಲ್ಲ. ಅದರ ಹೊರಮೈಯಲ್ಲಿ ಸಿ.ಡಿ. ೨೮ ಎಂಬ ಪ್ರೋಟೀನು ಇರುವುದು. ಕಾವಲು ಕಣದ ಸಿ.ಡಿ. ೮೦ ಅಥವಾ ಸಿ.ಡಿ. ೮೬ ಎಂಬುದು ಅದನ್ನು ಮುಟ್ಟಿದರೆ ಎರಡನೆಯ ಅಪ್ಪಣೆ ದೊರೆತಂತೆ. ಆಗಲೇ ಆ ಒಂದು ಕಣವು ಸಾವಿರವಾಗಿ ಬೆಳೆಯುವುದು. ಅಪ್ಪಣೆಯಿಲ್ಲದ ಗುರುತಿನಿಂದ ಕಣವು ಜಡವಾಗುವುದೇ ಹೆಚ್ಚು. ನಮ್ಮ ದೇಹದ ಸ್ವಂತ ಅಂಶಗಳನ್ನೂ ಕಾವಲು ಕಣಗಳು ದಿನವೂ ತೋರಿಸುತ್ತಿರುವುದರಿಂದ, ಕಂಡದ್ದಕ್ಕೆಲ್ಲ ಕೆರಳಿದರೆ ಮನೆಯವರನ್ನೇ ಹೊಡೆದಂತಾದೀತು.

ಗುರುತಿಲ್ಲದೆ ಅಪ್ಪಣೆಯನ್ನೇ ಕೊಟ್ಟರೋ? ೨೦೦೬ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನಲ್ಲಿ ಸಿ.ಡಿ. ೨೮ನ್ನು ನೇರವಾಗಿ ಕೆರಳಿಸುವ ಹೊಸ ಔಷಧವನ್ನು ಪರೀಕ್ಷಾರ್ಥವಾಗಿ ಆರು ಮಂದಿ ಆರೋಗ್ಯವಂತರಿಗೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಆರು ಮಂದಿಯೂ ಪ್ರಾಣಸಂಕಟಕ್ಕೆ ಸಿಲುಕಿದರು. ದೈವಕೃಪೆಯಿಂದ ಎಲ್ಲರೂ ಬದುಕಿದರು.

ರೋಗಾಣುಗಳಿಗೇ ವಿಶಿಷ್ಟವಾದ ಸುಳಿವು ಸಿಕ್ಕಾಗಲೇ ಕಾವಲು ಕಣವು ಈ ಅಪ್ಪಣೆಯನ್ನು ಕೊಡುವುದೆಂದು ೧೯೮೯ರಲ್ಲಿ ಅಮೆರಿಕದ ಚಾರ್ಲ್ಸ್ ಜೇನ್‌ವೇ ಪ್ರತಿಪಾದಿಸಿದರು. ಯಳಂದೂರಿನ ಜಹಗೀರು ಪಡೆದ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮೈಸೂರಿಗೆ ಬಂದ ಸಿಡುಬಿನ ಮದ್ದಿನಲ್ಲಿದ್ದುದು ಜೀವಂತ ಅಣು. ಸುಳಿವನ್ನು ಅದೇ ಹೊತ್ತು ತರುತ್ತಿತ್ತು. ಗಂಟಲಮಾರಿ, ಧನುರ್ವಾಯುಗಳ ಮದ್ದಾದರೋ ನಿರ್ವಿಷಗೊಳಿಸಿದ ವಿಷ. ಅದೊಂದನ್ನೇ ಚುಚ್ಚಿದರೆ ಕಾವಲು ಕಣಗಳಿಗೆ ಅಷ್ಟಾಗಿ ಎಚ್ಚರವಾಗದು. ಪಟಿಕವನ್ನು ಕೂಡಿಸಿದರೆ ಬಲ ಹೆಚ್ಚುವುದೆಂದು ೧೯೨೬ರಲ್ಲಿ ಇಂಗ್ಲೆಂಡಿನ ಗ್ಲೆನ್ನಿ ತೋರಿಸಿದರು. (ಸಂಸ್ಕೃತದ ‘ಸ್ಫಟಿಕಾ’ ಎಂಬುದೇ ನಮ್ಮ ಪಟಿಕ, ಅಜ್ಜಿಯರು ಕದಡಿದ ನೀರನ್ನು ತಿಳಿಮಾಡುತ್ತಿದ್ದುದು ಇದರಿಂದಲೇ.) ಅದೇ ಬಳಗದ ಅಲ್ಯೂಮಿನಿಯಂ ಲವಣವು ಇಂದಿಗೂ ಆ ಮದ್ದಿನಲ್ಲಿದೆ. ಜೊತೆಗೆ ಸೇರಿಸಿರುವ ನಾಯಿಕೆಮ್ಮಿನ ಸತ್ತ ಅಣುಗಳೂ ಕಾವಲನ್ನು ಬಡಿದೆಬ್ಬಿಸುವುವು. ಎಚ್ಚೆತ್ತ ಕಣಗಳು ಸ್ರವಿಸುವ ರಸಗಳಿಂದಲೇ ಆ ರಾತ್ರಿಯ ಜ್ವರ, ತೊಡೆಯ ಬಾವು.

ಆರನೆಯ ವಾರದ ಮದ್ದಿನಿಂದ ಎದ್ದ ಪಡೆಯು ಚಿಕ್ಕದು. ಹತ್ತನೆಯ ಮತ್ತು ಹದಿನಾಲ್ಕನೆಯ ವಾರದವುಗಳಿಂದ ಅದು ಬಲಿಯುವುದು. ನಡುವೆ ಬಿಟ್ಟರೆ ಮೊದಲ ರಾತ್ರಿಯ ಅಳು ಬಹುಮಟ್ಟಿಗೆ ವ್ಯರ್ಥ. ಆದರೆ ಮದ್ದಿನ ನಂತರ ಮಗುವಿಗೆ ಸೆಳವು ಬಂದಿದ್ದರೆ, ಅಥವಾ ಗಂಟೆಗಟ್ಟಲೆ ಬಿಡದೆ ಅತ್ತಿದ್ದರೆ, ಮುಂದಿನ ಮದ್ದಿಗೆ ಮೊದಲು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.